ಚುಕ್ಕಾಣಿ ಹಿಡಿದವನ ನಂಬಿಕೆ

ಕ್ರೈಸ್ತರು ನಂಬುವುದಾದರೂ ಏನನ್ನು ಎಂದು ಕೇಳುವವರ ಮನಸ್ಸಿನಲ್ಲಿ ಹೆಚ್ಚಾಗಿ ಉತ್ತರ ಮೊದಲೇ ಇರುತ್ತದೆ. ಒಬ್ಬರಿಗೆ ಅದು ಮತಾಂತರ, ಇನ್ನೊಬ್ಬರಿಗೆ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ. ಮಂಗಳೂರಿನ ಬಲ್ಮಠದಲ್ಲಿ ಹುಟ್ಟಿ, ಕನ್ನಡದಲ್ಲೇ ಕೀರ್ತನೆ ಹಾಡಿ ಬೆಳೆದವನು ನಾನು. 1834ರಲ್ಲಿ ನಮ್ಮೂರಿಗೆ ಬಂದ ಬಾಸೆಲ್ ಮಿಶನ್ನಿನ ಹಂಚು, ನೇಯ್ಗೆ, ಅಚ್ಚುಕೂಟ, 1894ರ ಕಿಟ್ಟೆಲ್ ನಿಘಂಟು ಇವನ್ನೆಲ್ಲ ಜನ ಪ್ರೀತಿಯಿಂದ ನೆನೆಯುತ್ತಾರೆ. ಆದರೆ ಆ ಮಿಶನರಿಗಳನ್ನು ಅಷ್ಟು ದೂರದಿಂದ ಕರೆತಂದ ಸುದ್ದಿ ಯಾವುದೆಂದು ಕೇಳುವವರು ಕಡಿಮೆ.

ಅದನ್ನು ನಾನು ದುಡಿದ ಜಾಗದಿಂದಲೇ ಹೇಳುತ್ತೇನೆ. ಸರಕು ಹಡಗಿನಲ್ಲಿ ಚುಕ್ಕಾಣಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಮಲೇಷ್ಯಾದ ಕ್ಲಾಂಗ್ ಬಂದರು, 1972ರವರೆಗೆ ಪೋರ್ಟ್ ಸ್ವೆಟ್ಟನ್‌ಹ್ಯಾಮ್ ಎನಿಸಿಕೊಂಡಿದ್ದದ್ದು, ಕಾಂಡ್ಲಾ ಕಾಡಿನ ದ್ವೀಪಗಳ ಮರೆಯಲ್ಲಿದೆ. ಮಲಕ್ಕಾ ಜಲಸಂಧಿಯಿಂದ ಅದರೊಳಗೆ ಹೋಗಬೇಕಾದರೆ ಅಲ್ಲಿನ ನೀರದಾರಿ ಬಲ್ಲ ಪೈಲಟ್ ಬರಬೇಕು. ಅವರ ದೋಣಿ ನಮ್ಮ ಪಕ್ಕಕ್ಕೆ ಅಂಟಿಕೊಂಡು ಓಡುತ್ತದೆ, ಅವರು ಹಗ್ಗದ ಏಣಿ ಹಿಡಿದು ಮೇಲೆ ಬರುತ್ತಾರೆ, ಅರ್ಧ ಬಿಳಿ ಅರ್ಧ ಕೆಂಪು ಬಾವುಟ ಏರುತ್ತದೆ. ಆಮೇಲೆ ಅವರು "ಪೋರ್ಟ್ ಟೆನ್" (ಎಡಕ್ಕೆ ಹತ್ತು) ಅಂದರೆ ನಾನೂ "ಪೋರ್ಟ್ ಟೆನ್" ಎಂದು ಗಟ್ಟಿಯಾಗಿ ಹೇಳಿ ಚಕ್ರ ತಿರುಗಿಸಬೇಕು. ರಡ್ಡರ್ ಹತ್ತು ಡಿಗ್ರಿಗೆ ಬಂತೆಂದು ಮತ್ತೆ ಹೇಳಬೇಕು. ನೀರಿನಡಿಯ ದಿಬ್ಬ ನನಗೆ ಕಾಣದು, ಸೆಳೆತ ಎತ್ತ ಎಂದೂ ತಿಳಿಯದು. ಅವರಿಗೆ ಗೊತ್ತು. ಪೈಲಟ್ ಹಡಗಿನಲ್ಲಿದ್ದಾರೆ ಎಂದು ಒಪ್ಪಿಕೊಂಡೂ ಚಕ್ರವನ್ನು ನನ್ನಿಷ್ಟದಂತೆ ತಿರುಗಿಸಿದರೆ ಹಡಗು ಕೆಸರಿಗೇರುತ್ತದೆ.

ಯೇಸುವನ್ನು ನಂಬುವುದೂ ಹೀಗೆಯೇ. ದೇವರಿದ್ದಾನೆಂದು ತಲೆಯಾಡಿಸಿದರೆ ಸಾಲದು, ಆತ ಹೇಳಿದ ಕಡೆಗೆ ಬದುಕು ತಿರುಗಬೇಕು. ಮತ್ತೊಂದು: ಪೈಲಟ್ಟಿದ್ದಲ್ಲಿಗೆ ನಾವು ಹೋಗುವುದಿಲ್ಲ, ನಾವಿದ್ದಲ್ಲಿಗೆ ಅವರೇ ಬರುತ್ತಾರೆ. ದೇವರು ಮನುಷ್ಯನಾಗಿ ನಮ್ಮ ನಡುವೆ ಬಂದ, ನಮ್ಮ ಪಾಪದ ಭಾರ ಹೊತ್ತು ಶಿಲುಬೆಯ ಮೇಲೆ ಸತ್ತ, ಮೂರನೆಯ ದಿನ ಎದ್ದ ಎನ್ನುವುದೇ ಸುವಾರ್ತೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ, ಏಕೆಂದರೆ ಪೈಲಟ್ ಬಂದದ್ದಕ್ಕೆ ಬಂದರಿನಿಂದ ಬಿಲ್ಲು ಬರುತ್ತದೆ. ಕೃಪೆಗೆ ಬಿಲ್ಲಿಲ್ಲ.

ಇದು ಒಳ್ಳೆಯ ಜನರಿಗೇ ಕಷ್ಟದ ಮಾತು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಆಸ್ತಿಯ ಪಾಲು ಹಾಳುಮಾಡಿದ ಕಿರಿಮಗ ಮನೆಗೆ ಮರಳುತ್ತಾನೆ. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಬಂದಿದ್ದಾನೆ, ಆದರೆ ಅಪ್ಪ ದೂರದಿಂದಲೇ ಕಂಡು ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಾತು ಮುಗಿಯುವ ಮೊದಲೇ ಬಟ್ಟೆ, ಉಂಗುರ, ಜೋಡು ತರಿಸುತ್ತಾನೆ. ಸಿಟ್ಟಾಗುವವನು ಹೊಲದಲ್ಲಿ ದುಡಿದು ಬಂದ ಹಿರಿಮಗ. ಪ್ರತಿ ಭಾನುವಾರ ತಪ್ಪದೆ ಸಭೆಗೆ ಹೋಗುವ ನಮ್ಮಂಥವರು ಹೆಚ್ಚಾಗಿ ಈ ಹಿರಿಮಗನ ಸಾಲಿನವರು. ಮಾಡಿದ ಒಳ್ಳೆಯದಕ್ಕೆಲ್ಲ ಲೆಕ್ಕ ಇಟ್ಟಿರುತ್ತೇವೆ. ಸುವಾರ್ತೆಯಲ್ಲಿ ಪ್ರೀತಿ ಮೊದಲು ಸಿಗುತ್ತದೆ, ಒಳ್ಳೆಯ ನಡತೆ ಅದರ ಹಿಂದೆ ಬರುತ್ತದೆ.

ಕ್ಲಾಂಗ್‌ನಲ್ಲಿ ನಮ್ಮ ಹಡಗಿಗೆ ಒಮ್ಮೆ ಅಲ್ಲಿನ ಚರ್ಚಿನ ಹಿರಿಯರೊಬ್ಬರು ಬಂದಿದ್ದರು, ತಮಿಳರು. ಚೀಲದಲ್ಲಿ ಸಿಮ್ ಕಾರ್ಡು, ಬಿಸ್ಕತ್ತು. ರತ್ನಾಗಿರಿಯ ಮುಸ್ಲಿಮರು, ಫಿಲಿಪೀನ್ಸಿನ ಕ್ಯಾಥೊಲಿಕರು, ಉಪ್ಪಿನಂಗಡಿಯ ಹುಡುಗ, ಎಲ್ಲರನ್ನೂ ಅವರು ಕೇಳಿದ್ದು ಒಂದೇ: "ಮನೆಗೆ ಫೋನ್ ಹೋಯಿತಾ?" ಯಾರ ಧರ್ಮವನ್ನೂ ಕೇಳಲಿಲ್ಲ. ಪ್ರಾರ್ಥನೆ ಬೇಕೆಂದವನ ಜೊತೆ ಕೂತು ಪ್ರಾರ್ಥಿಸಿ ಇಳಿದು ಹೋದರು. ಇಂಗ್ಲೆಂಡಿನ ಆಂಗ್ಲಿಕನ್ನರು 1856ರಿಂದ, ಗ್ಲಾಸ್ಗೋದ ಕ್ಯಾಥೊಲಿಕರು 1920ರಿಂದ ನಾವಿಕರಿಗಾಗಿ ಇಂಥ ಕೆಲಸ ನಡೆಸಿಕೊಂಡು ಬಂದಿದ್ದಾರೆ.

ನಂಬಿಕೆಯನ್ನು ಹಂಚಿಕೊಳ್ಳುವಲ್ಲಿ ಕಾನೂನಿನ ಮಾತೂ ಬರುತ್ತದೆ. ಮಲೇಷ್ಯಾದ ಸಂವಿಧಾನದ 11ನೆಯ ವಿಧಿ ಎಲ್ಲರಿಗೂ ತಮ್ಮ ಧರ್ಮದಂತೆ ನಡೆಯುವ ಹಕ್ಕು ಕೊಡುತ್ತದೆ, ಮುಸ್ಲಿಮರ ನಡುವೆ ಬೇರೆ ಮತದ ಪ್ರಚಾರಕ್ಕೆ ಕಾನೂನಿನ ಮೂಲಕ ತಡೆ ಹಾಕಲೂ ಬಿಡುತ್ತದೆ. ಕರ್ನಾಟಕದಲ್ಲೂ 2022ರಲ್ಲಿ ಮತಾಂತರದ ಮೇಲೆ ಕಾಯ್ದೆ ಬಂತು. ಆ ಕಾಯ್ದೆ ಸರಿಯೆಂದು ನಾನು ಒಪ್ಪುವುದಿಲ್ಲ. ಅದು ಕೇಳಿದಂತೆ, ಮನಸ್ಸು ಯಾರ ಕಡೆ ತಿರುಗಿತೆಂದು ಕಚೇರಿಗೆ ಹೋಗಿ ಬರೆಸುವುದು ಯಾವ ಧರ್ಮದವರಿಗೂ ಹಿತವಲ್ಲ. ಆದರೆ ನಮ್ಮ ಸಭೆಗಳಿಗೂ ಒಂದು ಮಾತು ಹೇಳಬೇಕು. ನಂಬಿಕೆಗೆ ಬದಲಾಗಿ ಸಹಾಯ ಎಂದು ಯಾರಾದರೂ ಕೊಟ್ಟರೆ, ಕಾನೂನು ಏನೇ ಹೇಳಲಿ, ಕೃಪೆಯ ಸುದ್ದಿಯನ್ನೇ ಅವರು ಸುಳ್ಳು ಮಾಡಿದಂತೆ. ಕೇಳಿದವರಿಗೆ ಯೇಸುವಿನ ಕಥೆಯನ್ನು ಸಂಕೋಚವಿಲ್ಲದೆ ಹೇಳೋಣ. ಕೇಳದವರ ಮನೆಗೂ ಅಕ್ಕಿ, ಔಷಧಿ, ಶಾಲೆಯ ಫೀಸು ಅದೇ ಅಳತೆಯಲ್ಲಿ ತಲುಪಲಿ.