ಮರಳ ಮೇಲಿನ ಕುದುರೆಗೆ ಐವತ್ತು ರೂಪಾಯಿ ನ್ಯಾಯ!

ಪ್ರಾಣಿಗೆ ಹಿಂಸೆ ಕೊಟ್ಟ ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತಾ ಸ್ವಾಮಿ? 1960ರ ಕಾಯ್ದೆಯಲ್ಲಿ ಬರೆದಿಟ್ಟದ್ದು 10 ರೂಪಾಯಿಯಿಂದ 50 ರೂಪಾಯಿ. ಚೆನ್ನೈನ ಮರೀನಾ ಬೀಚಿನಲ್ಲಿ ಕುದುರೆ ಹತ್ತಿ ಒಂದು ಸುತ್ತು ಬರೋಕೂ ಅದು ಸಾಲದು!

ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಚೆನ್ನೈ. ವೈಟ್‌ಫೀಲ್ಡ್, ಪೀಣ್ಯದ ಹುಡುಗರೂ ರಜೆ ಸಿಕ್ಕರೆ ಹೊರಟೇಬಿಡ್ತಾರೆ. ಸಮುದ್ರ ಕಂಡ ಕೂಡಲೇ ಕುದುರೆ ಹತ್ತೋ ಆಸೆ. ಹತ್ತಿದ ಮೇಲೆ ‘ಜೋರಾಗಿ ಓಡಿಸಪ್ಪಾ’ ಅನ್ನೋ ಹಟ. ಮರಳು ಮೆತ್ತಗಿದೆ, ಏನೂ ಆಗಲ್ಲ ಅನ್ನೋ ಧೈರ್ಯ ಬೇರೆ.

ಲೆಕ್ಕ ತಪ್ಪೋದು ಇಲ್ಲೇ. ಕುದುರೆಗೆ ಮಂಡಿಯ ಕೆಳಗೆ ಮಾಂಸಖಂಡ ಇಲ್ಲ. ಮೂಳೆ, ಅದನ್ನು ಹಿಡಿದಿಟ್ಟ ಸ್ನಾಯುರಜ್ಜುಗಳು, ಅಷ್ಟೇ. ಒಣ ಮರಳಲ್ಲಿ ಗೊರಸು ಹೂತಷ್ಟೂ ಆ ಸ್ನಾಯುರಜ್ಜುಗಳು ಜಗ್ಗುತ್ತವೆ. ಮದುವೆ ಮೆರವಣಿಗೆಯಲ್ಲಿ ಡಾಂಬರು ತುಳಿದೇ ಅಭ್ಯಾಸವಾದ ಕುದುರೆಯನ್ನು ದಿಢೀರಂತ ಮರಳಿಗೆ ಇಳಿಸಿ ಓಡಿಸಿದರೆ ಎಡವದೇ ಇನ್ನೇನು? ಅದು ಎಡವಿದರೆ ಮೊದಲು ನೆಲ ಕಾಣೋದು ಸವಾರ.

ಬಲ್ಲವರು ಆತುರಪಡೋದಿಲ್ಲ. ಅಲೆ ಸರಿದ ಗಟ್ಟಿ ಒದ್ದೆ ಮರಳಲ್ಲಿ ಮೊದಲು ಬರೀ ನಡಿಗೆ, ಅದೂ ಸ್ವಲ್ಪ ಹೊತ್ತು. ಆಮೇಲೆ ದುಲ್ಕಿ. ನಾಗಾಲೋಟ ಕಟ್ಟಕಡೆಗೆ. ದಮ್ಮು ಕೆಲವೇ ವಾರಗಳಲ್ಲಿ ಬರುತ್ತೆ, ಆದರೆ ಸ್ನಾಯುರಜ್ಜು, ಮೂಳೆ ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಸವಾರಿ ಮುಗಿದ ಮೇಲೆ ಉಪ್ಪುನೀರು ಹೋಗುವಂತೆ ಕಾಲು ತೊಳೆದು, ಗೊರಸಿನಲ್ಲಿ ಚಿಪ್ಪು, ಕಲ್ಲು ಸಿಕ್ಕಿದೆಯಾ ನೋಡಿ, ಸಿಹಿನೀರು ಕುಡಿಸಬೇಕು.

ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ 1965ರ ನಿಯಮವಿದೆ: ದಿನಕ್ಕೆ 9 ಗಂಟೆ ಮೀರಬಾರದು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಕೂಡದು. ಸವಾರಿ ಕುದುರೆಗೂ ಇದೇ ಅಳತೆ ಇಟ್ಟರೆ ತಪ್ಪೇನು?

ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದರು. ಅಂಥ ಪಂದ್ಯದಲ್ಲೂ ಪಶುವೈದ್ಯರ ಮುಂದೆ ಓಡಿಸಿ, ಕುದುರೆ ಕುಂಟುತ್ತಿಲ್ಲ ಅಂತ ಖಾತ್ರಿಯಾದ ಮೇಲೇ ಅಖಾಡಕ್ಕೆ ಬಿಡೋದು. ಬೀಚಿನಲ್ಲಿ ಆ ವೈದ್ಯರು ಯಾರು? ದುಡ್ಡು ಕೊಡೋ ನೀವೇ!

ತಕ್ಕಡಿ ನೋಡದೆ ಸಾಮಾನು ತಗೋತೀರಾ? ಹಾಗೇ ಹತ್ತೋ ಮುಂಚೆ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ. ತಲೆ ಕುಣಿಸಿ ಕುಂಟಿದರೆ, ಜೀನಿನ ಕೆಳಗೆ ಹುಣ್ಣಿದ್ದರೆ, ಬೇಡ ಅನ್ನಿ. ಮಕ್ಕಳ ತಲೆಗೆ ಹೆಲ್ಮೆಟ್ ಇಲ್ಲದಿದ್ದರೂ ಬೇಡ ಅನ್ನಿ. ಓಡಿಸು ಅಂತ ಮಾತ್ರ ಹೇಳಬೇಡಿ. ಕುದುರೆ ಸಾಕಿದವನ ಹೊಟ್ಟೆಪಾಡು ನಿಂತಿರೋದೂ ಅದೇ ನಾಲ್ಕು ಕಾಲಿನ ಮೇಲೆ.