ನೆರಳಿನ ನೆಲಕ್ಕೆ ಒಂದೆಲಗ

ಮುಂಬಯಿಯ ಅನೇಕ ಶಾಲೆಗಳ ಹಿಂಬದಿಯಲ್ಲಿ, ಕಟ್ಟಡಕ್ಕೂ ಆವರಣದ ಗೋಡೆಗೂ ನಡುವೆ, ನೇರ ಬಿಸಿಲು ಬೀಳದ ಕಿರಿದಾದೊಂದು ಮಣ್ಣಿನ ಪಟ್ಟಿ ಉಳಿದಿರುವುದುಂಟು. ಅಲ್ಲಿ ಹುಲ್ಲುಹಾಸು ಬೆಳೆಸಹೋದವರು ಒಂದೆರಡು ವರ್ಷಗಳಲ್ಲಿ ಬೇಸತ್ತು, ಈ ನೆಲ ಯಾವುದಕ್ಕೂ ಬಾರದೆಂದು ತೀರ್ಮಾನಿಸಿ, ಸಿಮೆಂಟು ಹಾಸಿಬಿಡುತ್ತಾರೆ. ಈ ತೀರ್ಮಾನವು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹುಲ್ಲು ಬಿಸಿಲಿನ ಕೂಸು. ಅದನ್ನು ನೆರಳಿಗೆ ನೂಕಿ, ಬೆಳೆಯಲಿಲ್ಲವೆಂದು ನೆಲವನ್ನು ದೂರುವುದು ಯಾವ ನ್ಯಾಯ?

ತಂಪನ್ನೂ ತೇವವನ್ನೂ ಬಯಸುವ ಸಸ್ಯವೊಂದು ನಮ್ಮವರಿಗೆ ಬಹುಕಾಲದಿಂದ ಪರಿಚಿತವಾಗಿದೆ. ಅದು ಒಂದೆಲಗ. ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಬಂದವರ ಮನೆಗಳಲ್ಲಿ ಅದರ ತುಳು ಹೆಸರಾದ ‘ತಿಮರೆ’ಯನ್ನು ನೀವು ಕೇಳಿರಬಹುದು. ಸಂಸ್ಕೃತದಲ್ಲಿ ಅದು ಮಂಡೂಕಪರ್ಣಿ; ಸಸ್ಯಶಾಸ್ತ್ರಜ್ಞರಿಗೆ ಸೆಂಟೆಲ್ಲಾ ಏಷ್ಯಾಟಿಕಾ. ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೇ ಇದೂ ಸೇರಿದುದು. ಒಂದು ತೊಟ್ಟಿಗೆ ಒಂದೇ ದುಂಡನೆಯ ಎಲೆ. ಬಳ್ಳಿಯು ನೆಲದ ಮೇಲೆ ಹರಿಯುತ್ತ ಗೆಣ್ಣುಗೆಣ್ಣಿನಲ್ಲಿಯೂ ಬೇರಿಳಿಸುವುದರಿಂದ, ನಡುವೆ ಕತ್ತರಿಸಿದರೂ ಎರಡು ತುಂಡುಗಳೂ ಬದುಕಿಕೊಳ್ಳುತ್ತವೆ. ಒಮ್ಮೆ ನೆಲೆಯೂರಿತೆಂದರೆ ವರ್ಷವರ್ಷವೂ ಬೀಜ ಬಿತ್ತುವ ಗೊಡವೆಯಿಲ್ಲ.

ಜೂನಿನ ಮೊದಲ ಮಳೆ ಬಿದ್ದೊಡನೆ ನೆಲವನ್ನು ಗೇಣುದ್ದ ಅಗೆದು, ಇಟ್ಟಿಗೆಯ ಚೂರುಗಳನ್ನು ಆಯ್ದು, ಎಲೆಗೊಬ್ಬರವನ್ನು ಬೆರೆಸಿ, ಬೇರುಳ್ಳ ಗೆಣ್ಣುಗಳನ್ನು ಗೇಣಿಗೊಂದರಂತೆ ನೆಡಬೇಕು. ದಟ್ಟವಾದ ಕತ್ತಲೆಯಲ್ಲಿ ಅದೂ ಬಾಳದು. ಎಲೆಗಳ ನಡುವಿನಿಂದ ಸೋಸಿ ಬರುವಷ್ಟಾದರೂ ಬೆಳಕಿರಬೇಕು. ತುಳಿತವನ್ನು ಹುಲ್ಲಿನಂತೆ ತಾಳಲಾರದು. ಆದುದರಿಂದ ನಡೆದಾಡುವಲ್ಲಿ ನಾಲ್ಕು ಚಪ್ಪಡಿಗಳನ್ನಿಟ್ಟರೆ ಲೇಸು. (ಚೆಂಡು ಗೋಡೆ ದಾಟಿದಾಗ ಓಡುವವರು ಚಪ್ಪಡಿಯನ್ನು ಹುಡುಕುವುದಿಲ್ಲವೆಂಬುದು ಬೇರೆ ಮಾತು.)

ಇದನ್ನು ತಿಂದರೆ ಜ್ಞಾಪಕಶಕ್ತಿ ಹೆಚ್ಚುವುದೆಂದು ಹಿರಿಯರು ಹೇಳುತ್ತಾರೆ. ಆಯುರ್ವೇದವೂ ಇದನ್ನು ಮನ್ನಿಸಿದೆ. ಆದರೆ ಪರೀಕ್ಷೆಯ ಅಂಕಗಳ ಆಸೆಗಾಗಿ ಇದನ್ನು ನೆಡಿರೆಂದು ನಾನು ಹೇಳಲಾರೆ. ತೆಂಗಿನಕಾಯಿ, ಜೀರಿಗೆ, ಮೆಣಸುಗಳೊಡನೆ ಅರೆದು ಮಜ್ಜಿಗೆಯಲ್ಲಿ ಕದಡಿದ ತಂಬುಳಿಯ ರುಚಿಯೊಂದೇ ಸಾಕಾದ ಕಾರಣ. ಚರಂಡಿಯ ನೀರು ಸೋಂಕುವ ಕಡೆ ಬೆಳೆದುದನ್ನು ಮಾತ್ರ ಅಡಿಗೆಗೆ ತರಕೂಡದು. ಅಲ್ಲಿ ಅದು ನೆಲದ ಹೊದಿಕೆಯಾಗಿಯೇ ಇರಲಿ.

ಸಿಮೆಂಟು ಶುಚಿಯಾದುದು, ಗುಡಿಸಲು ಸುಲಭವಾದುದು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಳೆಯ ನೀರು ಹೋಗುವುದೆಲ್ಲಿಗೆ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ನಿಮ್ಮ ಮನೆಯ ಹಿರಿಯರು ಮರೆತಿರಲಾರರು. ಅಂತಹ ಪ್ರಳಯವನ್ನು ಒಂದೆಲಗದ ಪಾತಿಯು ತಡೆದೀತೆಂದು ಯಾರೂ ನಂಬರು. ಆದರೂ ಪ್ರತಿ ವರ್ಷದ ಸಾಧಾರಣ ಮಳೆಯಲ್ಲಿ ಮಣ್ಣು ತನ್ನ ಪಾಲನ್ನು ಕುಡಿಯುತ್ತದೆ. ಸಿಮೆಂಟು ಹಾಸಿದ ಪ್ರತಿಯೊಂದು ಮೊಳವೂ ಆ ಪಾಲನ್ನು ನೆರೆಯವರ ಅಂಗಳಕ್ಕೆ ದಾಟಿಸುತ್ತದೆ.

ನಿಜವಾದ ತೊಡಕು ಬೇರೆಯಿದೆ. ಇದರ ಬೇರುಗಳು ಆಳಕ್ಕಿಳಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ನೀರು ತಪ್ಪಿದರೆ ಬಾಡುತ್ತದೆ. ತರಗತಿಗಳು ನಡೆಯುವವರೆಗೆ ಸರದಿಯಂತೆ ನೀರೆರೆಯಲು ಮಕ್ಕಳಿದ್ದಾರೆ. ಮೇ ತಿಂಗಳ ರಜೆಯಲ್ಲಿ ಅರ್ಧ ಶಾಲೆಯೇ ಊರಿಗೆ ಹೊರಟುಹೋಗುತ್ತದೆ. ಹಿಂದಣ ಪಟ್ಟಿಗೆ ಸಿಮೆಂಟು ಹಾಸುವ ಮೊದಲು ಒಂದು ಮಳೆಗಾಲದ ಅವಕಾಶವನ್ನು ಆಡಳಿತ ಮಂಡಳಿಯವರಲ್ಲಿ ಬೇಡುವುದಾದರೆ, ರಜೆಯಲ್ಲಿ ಊರಿಗೆ ಹೋಗದೆ ಶಾಲೆಯ ಸಮೀಪದಲ್ಲಿಯೇ ಉಳಿಯುವ ನಾಲ್ಕೈದು ಮಂದಿಯ ಹೆಸರುಗಳನ್ನು ಅರ್ಜಿಯ ಜೊತೆಯಲ್ಲಿಯೇ ಬರೆದುಕೊಡಬೇಕು.