ಡೇಟಾಶೀಟ್ ಇಲ್ಲದ ಪೌಡರ್

ನಮ್ಮ ಹಾಸ್ಟೆಲ್‌ನಲ್ಲಿ ಪ್ರೋಟೀನ್ ಡಬ್ಬ ಇಲ್ಲದ ರೂಮ್ ಹುಡುಕೋದು ಕಷ್ಟ. ದುಡ್ಡು ಉಳಿಸೋಕೆ ನಾವು ನಾಲ್ಕು ಜನ ಸೇರಿ ಜಿಮ್‌ನಲ್ಲಿ ಸಿಗೋ ಲೂಸ್ ಪೌಡರ್ ತಗೊಂಡ್ವಿ. ಬರೀ ಜಿಪ್‌ಲಾಕ್ ಕವರ್, ಲೇಬಲ್ ಇಲ್ಲ. ಲ್ಯಾಬಲ್ಲಿ ಹತ್ತು ರೂಪಾಯಿ ಐಸಿಗೂ ಡೇಟಾಶೀಟ್ ನೋಡೋ ನಾವು ಹೊಟ್ಟೆಗೆ ಹಾಕೋದರ ಬಗ್ಗೆ ಏನೂ ಕೇಳಲಿಲ್ಲ.

ಕಳೆದ ಸೆಮ್‌ನಲ್ಲಿ ನಮ್ಮಲ್ಲೊಬ್ಬ ಇಂಟರ್ನಲ್ಸ್ ಹಿಂದಿನ ದಿನ ಎರಡು ಸ್ಕೂಪ್ ಪ್ರೀ-ವರ್ಕೌಟ್ ಅನ್ನು ನೀರಿಲ್ಲದೆ ಬಾಯಿಗೆ ಸುರ್ಕೊಂಡ. ರಾತ್ರಿಯಿಡೀ ಎದೆ ಡವಡವ, ಕೈ ನಡುಕ. ಡಾಕ್ಟರ್ ಹತ್ರ ಕರ್ಕೊಂಡು ಹೋಗೋದು ಬಿಟ್ಟು ವಿಡಿಯೋ ಮಾಡಿ ನಕ್ವಿ. ಅದು ನಮ್ಮ ತಪ್ಪು. ಕೆಲವು ಪ್ರೀ-ವರ್ಕೌಟ್‌ಗಳ ಒಂದೇ ಸ್ಕೂಪಿನಲ್ಲಿ 200-300 ಮಿಲಿಗ್ರಾಂ ಕೆಫೀನ್ ಇರುತ್ತೆ. ಆರೋಗ್ಯವಾಗಿರೋ ದೊಡ್ಡವರಿಗೆ ಇಡೀ ದಿನಕ್ಕೆ ಹೇಳೋ ಮಿತಿಯೇ ಸುಮಾರು 400.

ಪ್ರೋಟೀನ್ ಲೆಕ್ಕದಲ್ಲೂ ಮೋಸ ಸುಲಭ. ಕೆಲ್‌ಡಾಲ್ ಟೆಸ್ಟ್ ಅಳೆಯೋದು ನೈಟ್ರೋಜನ್ ಅನ್ನು. ಅಗ್ಗದ ಗ್ಲೈಸಿನ್ ಬೆರೆಸಿದ್ರೂ ಅದು ಪ್ರೋಟೀನ್ ಅಂತಲೇ ಲೆಕ್ಕಕ್ಕೆ ಬರುತ್ತೆ. (ಕೆಮಿಸ್ಟ್ರಿ ಸೈಕಲ್‌ನಲ್ಲಿ ನಿದ್ದೆ ಮಾಡಿದ್ದು ಈಗ ನೋಯ್ತಿದೆ.)

ಸಪ್ಲಿಮೆಂಟ್ ಎಲ್ಲಾ ವಿಷ ಅಂತ ನಾವು ಹೇಳ್ತಿಲ್ಲ. ಕ್ರಿಯಾಟಿನ್ ಮೇಲೆ ಬೇಕಾದಷ್ಟು ಸಂಶೋಧನೆ ಆಗಿದೆ. ಆದರೆ ಸೀಲ್ ಇಲ್ಲದ್ದು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇಲ್ಲದ್ದು ಬೇಡವೇ ಬೇಡ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ನಮ್ಮ ಮೆಸ್‌ನಲ್ಲಿ ಮೊಟ್ಟೆ ಬರೋದು ವಾರಕ್ಕೆ ಎರಡೇ ದಿನ. ಮುಂದಿನ ಮೆಸ್ ಮೀಟಿಂಗ್‌ನಲ್ಲಿ ದಿನಾ ಎರಡು ಕೇಳೋಣ, ತಿನ್ನದವರಿಗೆ ಮೊಸರು, ಕಡಲೆಕಾಳು ಉಸಲಿ.

ಆ ಜಿಪ್‌ಲಾಕ್ ಕವರ್ ಇನ್ನೂ ನಮ್ಮ ಬೀರುವಿನಲ್ಲೇ ಇದೆ. 1,800 ರೂಪಾಯಿ ಕೊಟ್ಟಿದ್ದೀವಿ, ಎಸೆಯೋಕೆ ಕೈ ಬರ್ತಿಲ್ಲ.